ಎರೆಮಣ್ಣಿನ ಕೆಂಪು ಲಿಲ್ಲಿ

ಬಳ್ಳಾರಿ ಗಾಂಧಿನಗರದ ಆಫೀಸೊಂದರಲ್ಲಿ ಜಡೆಪ್ಪ ಇಪ್ಪತ್ತೆಂಟು ವರ್ಷ ಮಾಲಿಯಾಗಿದ್ದ. ಗರಿಕೆಯೂ ಬಾಡುವ ಏಪ್ರಿಲ್ ಬಿಸಿಲಲ್ಲಿ ಅವನು ನೆಟ್ಟ ಕೆಂಪು ಲಿಲ್ಲಿಗಳು ಸಾಲುಗಟ್ಟಿ ಅರಳುತ್ತಿದ್ದವು. ಕುರುಗೋಡಿನ ಅವನ ಮನೆಯಂಗಳದಲ್ಲಿ ಮಾತ್ರ ಒಂದೂ ಇರಲಿಲ್ಲ.

ಒಮ್ಮೆ ಆಸ್ಪತ್ರೆಗೆಂದು ಬಳ್ಳಾರಿಗೆ ಬಂದ ಹೆಂಡತಿ ಪಾರಮ್ಮ ಆ ಹೂಗಳನ್ನು ಕಂಡು ನಿಂತೇಬಿಟ್ಟಳು.

“ಏನ್ರಿ, ಕೆಂಡ ಇಟ್ಟಂಗ ಅದಾವಲ್ಲ! ನಮ್ಮ ಮನಿ ಮುಂದನೂ ನಾಕು ಗಡ್ಡಿ ಹಾಕ್ರಿ.”

“ನಮ್ದು ಎರಿ ಮಣ್ಣು. ಅದ್ರಾಗ ಬರಂಗಿಲ್ಲ ಬಿಡು,” ಎಂದ ಜಡೆಪ್ಪ.

ಅದು ಸುಳ್ಳು. ಆಫೀಸಿನ ಮಣ್ಣೂ ಅದೇ ಕಪ್ಪು ಎರೆ; ಮಳೆಗೆ ಅಂಟು, ಬೇಸಿಗೆಗೆ ಕೈ ತೂರುವಷ್ಟು ಬಿರುಕು. ಅಲ್ಲಿ ಅವನು ಮಡಿ ಎತ್ತರಿಸಿ, ಮರಳು, ಹಳೆಯ ತಿಪ್ಪೆಗೊಬ್ಬರ ಬೆರೆಸಿ, ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲಿರುವಂತೆ ನೆಡುತ್ತಿದ್ದ. ದಿನವೆಲ್ಲ ಅದೇ ಕೆಲಸ ಮಾಡಿ ಬಸ್ಸಿಳಿದು ಬಂದವನಿಗೆ ಮತ್ತೆ ಸಲಿಕೆ ಹಿಡಿಯಲು ಬೇಸರ, ಅಷ್ಟೇ.

ಪಾರಮ್ಮ ಬಿಡಲಿಲ್ಲ. ಕಾಟ ತಪ್ಪಲೆಂದು ನಾಲ್ಕು ಗಡ್ಡೆ ತಂದುಕೊಟ್ಟ. ಅವಳು ಸಿರುಗುಪ್ಪದ ಕಡೆಯ ಕರೂರಿನವಳು, ಭತ್ತದ ಗದ್ದೆಯಲ್ಲಿ ಬೆಳೆದವಳು. ನೀರು ನಿಂತಷ್ಟೂ ಬೆಳೆ ಚೆಂದವೆಂದು ನಂಬಿ ಗೇಣು ಆಳಕ್ಕೆ ಹೂತು, ದಿನಾ ಎರಡು ಕೊಡ ಸುರಿದಳು. ಜಡೆಪ್ಪ ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಆ ಕೆಸರನ್ನು ದಾಟಿಕೊಂಡೇ ಹೋಗುತ್ತಿದ್ದ. ಕೊಳೆಯುತ್ತವೆಂದು ಗೊತ್ತಿತ್ತು. ಬಾಯಿ ಬಿಡಲಿಲ್ಲ.

ತಿಂಗಳಾದ ಮೇಲೆ ಪಾರಮ್ಮ ಅಗೆದು ನೋಡಿದಳು. ಗಡ್ಡೆಗಳು ಲೋಳೆಯಾಗಿ ನಾರುತ್ತಿದ್ದವು.

“ನೀವು ಹೇಳಿದ್ದು ಖರೇ ಆತ್ರಿ,” ಎಂದಳು. ಅವನು ಹೂಂ ಎಂದ.

ವರ್ಷಗಳು ಉರುಳಿದವು. ಸಕ್ಕರೆ ಕಾಯಿಲೆ ಪಾರಮ್ಮನ ಕಣ್ಣು ತಿಂದಿತು. ಜಡೆಪ್ಪ ನಿವೃತ್ತನಾದ. ಕೂತಲ್ಲಿ ಕೂರಲಾಗದೆ ಮನೆಯಂಗಳದ ಬೇವಿನ ನೆರಳಿಗೆ ಮಡಿ ಕಟ್ಟಿ, ಮರಳು ತರಿಸಿ, ಕೆಂಪು ಲಿಲ್ಲಿಯನ್ನೇ ನೆಟ್ಟ. ಎರಡನೆಯ ಬೇಸಿಗೆಗೆ ಅಂಗೈಯಗಲದ ಹೂಗಳು ಬಂದವು. ಅವಳ ಕೈ ಹಿಡಿದು ಅಲ್ಲಿಗೆ ನಡೆಸಿಕೊಂಡು ಬಂದ.

“ಪಾರಿ, ಹೂವಾಗ್ಯಾವ.”

ಅವಳು ಬಗ್ಗಿ ಮೂಸಿದಳು. “ವಾಸನೀನ ಇಲ್ಲಲ್ರಿ?”

“ಈ ಜಾತಿಗೆ ವಾಸನಿ ಇರಂಗಿಲ್ಲ.”

ಘಮಘಮಿಸುವ ಬಿಳಿ ಲಿಲ್ಲಿ ಅದೇ ಆಫೀಸಿನ ಹಿಂದಿನ ಗೋಡೆಯ ಉದ್ದಕ್ಕೂ ಇತ್ತು. ಅದನ್ನು ತರಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

ಪಾರಮ್ಮ ಎಸಳನ್ನು ಬೆರಳಿಂದ ಸವರುತ್ತ ಕೇಳಿದಳು: “ಈ ಮಣ್ಣಾಗ ಹೆಂಗ ಬಂದ್ವು?”

ಜಡೆಪ್ಪ ಅವಳ ಪಕ್ಕ ಕುಕ್ಕರಿಸಿದ. “ಆವತ್ತೂ ಬರ್ತಿದ್ವು ಪಾರಿ. ನಾನ ಹೇಳ್ಲಿಲ್ಲ.”

ಅವಳ ಬೆರಳು ನಿಂತಿತು. ಬೈಯುತ್ತಾಳೆಂದು ಕಾದ. “ಬಿಸಿಲು ಏರಾಕತ್ತೈತಿ, ಒಳಗ ನಡೀರಿ,” ಎಂದಳಷ್ಟೇ. ಆ ಮಾತನ್ನು ಮತ್ತೆ ಅವಳು ಎತ್ತಲಿಲ್ಲ. ಎತ್ತುವ ಧೈರ್ಯ ಅವನಿಗೂ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಪಕ್ಕದ ಮನೆಯ ಭಾಗ್ಯ ಗಡ್ಡೆ ಕೇಳಿಕೊಂಡು ಬಂದಳು. ಜಡೆಪ್ಪ ತಾನೇ ಸಲಿಕೆ ಹೊತ್ತು ಹೋಗಿ ಮಡಿ ಕಟ್ಟಿಕೊಟ್ಟ. ಈಚೆ ಕಟ್ಟೆಯ ಮೇಲೆ ಕೂತಿದ್ದ ಪಾರಮ್ಮ ಹೇಳುತ್ತಿದ್ದದ್ದು ಅವನಿಗೆ ಕೇಳಿಸುತ್ತಿತ್ತು: “ನೀರು ಭಾಳ ಹಾಕಬ್ಯಾಡವ್ವ ಭಾಗ್ಯ. ನನಗ ಯಾರೂ ಹೇಳಿರ್ಲಿಲ್ಲ.”