ತುಕ್ಕು, ಇದ್ದಿಲಿನ ಬ್ಯಾಟರಿ

ಅಂಗಿ ಗುಂಡಿಯಷ್ಟು ಪುಟ್ಟ ಬ್ಯಾಟರಿಗೆ ವೈರ್ ತಾಗಿಸಿದೆ. ಮಲ್ಲೇಶ್ವರದಲ್ಲಿ ಅಪ್ಪನ ಇಸ್ತ್ರಿ ಗಾಡಿ ಮೇಲೆ ಕೆಂಪು ದೀಪ ಹತ್ತಿತು. ಲ್ಯಾಬಿನಲ್ಲಿ ನಾನೇ ಮಾಡಿದ ಬ್ಯಾಟರಿ. ಮಗಳು ಏನು ಓದ್ತಾಳೆ ಅಂತ ಯಾರಾದರೂ ಕೇಳಿದರೆ ಅಪ್ಪ ಇಷ್ಟು ದಿನ "ಏನೋ ಸೈನ್ಸ್ ಅಂತೆ" ಅಂದು ಇಸ್ತ್ರಿ ಮುಂದುವರಿಸುತ್ತಿದ್ದರು.

"ಒಳಗೇನಮ್ಮ ಹಾಕಿದೀಯ?" ಅಂದರು.

"ಒಂದು ಬದಿಗೆ ಕಬ್ಬಿಣದ ತುಕ್ಕು, ಇದ್ದಿಲು ಬೆರೆಸಿದೀನಪ್ಪ. ಬರೀ ತುಕ್ಕಾದ್ರೆ ಚಾರ್ಜ್ ಮಾಡ್ತಾ ಮಾಡ್ತಾ ಉಬ್ಬಿ ಉದುರುತ್ತೆ. ಇದ್ದಿಲು ಅದನ್ನ ಹಿಡ್ಕೊಳ್ಳುತ್ತೆ."

ಅಪ್ಪ ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಜೋರಾಗಿ ನಕ್ಕರು. "ಇದ್ದಿಲು ಮುಟ್ಟಬಾರದು ಅಂತ ಓದಿಸಿದ್ರೆ, ಓದಿ ಓದಿ ಅಲ್ಲಿಗೇ ಬಂದ್ಯಲ್ಲೇ."

ಬಟ್ಟೆ ತಂದ ಮೇಡಂ ಒಬ್ಬರಿಗೆ ತಾವೇ ದೀಪ ತೋರಿಸಿದರು. "ನನ್ ಮಗಳು ಮಾಡಿದ್ದು ಮೇಡಂ. ಒಳಗಿರೋದು ನಮ್ ಇದ್ದಿಲೇ."

ನಮ್ಮ ಮನೆಯ ಮೊದಲ ಡಿಗ್ರಿ ನನ್ನದು. ಅದನ್ನು ನಾಲ್ಕು ಜನಕ್ಕೆ ಹೇಳಿಕೊಳ್ಳಲು ಅಪ್ಪನಿಗೆ ಮಾತು ಸಿಕ್ಕಿದ್ದು ಆ ದಿನ.