ಮಾವನ ಹಳೆಯ ಪಂಚೆ

ಕಾಲೇಜಿನಲ್ಲಿ ಅವಳು ನೀಲಾವತಿ ಮೇಡಂ, ಬೆಳುವಾಯಿಯ ನೆರೆಕರೆಯವರಿಗೆ ನೀಲಕ್ಕ. ಮಿಜಾರಿನ ಕಡೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಜೀವರಸಾಯನ ಮತ್ತು ತಳಿಶಾಸ್ತ್ರ ಕಲಿಸುವುದು ಅವಳ ಕೆಲಸ. ಎರಡೂ ಹೆಸರು ಕೇಳಿದರೇ ಆಕಳಿಕೆ ಬರುವಂಥ ವಿಷಯಗಳು. ಆದರೆ ಅವಳ ಕ್ಲಾಸಿನಲ್ಲಿ ಯಾರೂ ಆಕಳಿಸಿದ್ದಿಲ್ಲ, ಆಕಳಿಸಲು ಅವಳು ಬಿಟ್ಟದ್ದೂ ಇಲ್ಲ. ಪುಸ್ತಕದಲ್ಲಿದ್ದದ್ದನ್ನು ಇದ್ದ ಹಾಗೆ ಓದಿ ಹೇಳುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಕುಚ್ಚಲಕ್ಕಿ, ಬಂಗುಡೆ, ಬೊಂಡದ ಎಳನೀರು ಇವುಗಳ ಹೆಸರೆತ್ತದೆ ಅವಳ ಪಿಷ್ಟ, ಪ್ರೋಟೀನು, ಲವಣಗಳು ಬೋರ್ಡಿಗೆ ಹತ್ತುತ್ತಲೇ ಇರಲಿಲ್ಲ.

ಅವಳ ಪಾಠಗಳಲ್ಲೆಲ್ಲ ಹೆಸರುವಾಸಿಯಾದದ್ದು ಎಕ್ಸ್ ಕ್ರೋಮೋಸೋಮಿನ ಪಾಠ. ತುಳುನಾಡಿನ ಹಳೆಯ ಅಳಿಯಕಟ್ಟಿನಲ್ಲಿ ಆಸ್ತಿ ಅಪ್ಪನಿಂದ ಮಗನಿಗೆ ಹೋಗುವುದಿಲ್ಲ, ಸೋದರಮಾವನಿಂದ ಅಳಿಯನಿಗೆ, ಎಂದರೆ ಅಕ್ಕತಂಗಿಯರ ಮಗನಿಗೆ, ಹೋಗುತ್ತದೆ. ನೀಲಾವತಿ ಬೋರ್ಡಿನ ಮೇಲೆ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಬರೆದು ಹೇಳುತ್ತಿದ್ದಳು: "ಕೆಲವು ಕಾಯಿಲೆಗಳಿಗೆ ನಮ್ಮ ಊರಿನ ಕಾನೂನು ಗೊತ್ತುಂಟು ಮಕ್ಕಳೇ. ಅಪ್ಪನದ್ದು ಮಗನಿಗೆ ಬರುವುದಿಲ್ಲ. ಮಾವನದ್ದು ಅಳಿಯನಿಗೆ ಬರ್ತದೆ. ನಡುವೆ ಹೊತ್ತು ತರುವವಳು ಹೆಂಗಸು, ಅವಳಿಗೆ ಏನೂ ಆಗುವುದಿಲ್ಲ." ಮಕ್ಕಳು ನಗುತ್ತಿದ್ದರು. ನಕ್ಕದ್ದು ಮರೆಯುವುದಿಲ್ಲ ಎಂಬುದು ಅವಳ ಲೆಕ್ಕಾಚಾರ.

ಅದಕ್ಕೆ ಅವಳು ಕೊಡುತ್ತಿದ್ದ ಉದಾಹರಣೆ ಜಿ-ಸಿಕ್ಸ್-ಪಿ-ಡಿ ಎಂಬ ಕಿಣ್ವದ ಕೊರತೆ. ಕೆಂಪು ರಕ್ತಕಣವನ್ನು ಕಾಯುವ ಕಿಣ್ವ ಅದು. ಅದು ಕಡಿಮೆಯಿದ್ದವರು ಸುಮ್ಮನೆ ಇದ್ದರೆ ಎಲ್ಲರ ಹಾಗೆಯೇ ಇರುತ್ತಾರೆ. ಮಲೇರಿಯಾದ ಒಂದು ಮಾತ್ರೆ ನುಂಗಿದರೆ, ಬಟ್ಟೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆಯ ಗಾಳಿ ಕುಡಿದರೆ, ರಕ್ತಕಣಗಳು ಒಡೆಯುತ್ತವೆ, ಮೂತ್ರ ಕಪ್ಪಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ದೊಡ್ಡವರು ಹೇಗೋ ಪಾರಾಗುತ್ತಾರೆ. ಹಸುಗೂಸಿನ ಪಿತ್ತಜನಕಾಂಗಕ್ಕೆ ಆ ಹಳದಿಯನ್ನು ತೊಳೆದು ಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಏರಿದ ಹಳದಿ ತಲೆಗೆ ಹೋಗುತ್ತದೆ, ಹೋದರೆ ಮೊದಲು ಕೆಡುವುದು ಕಿವಿ. ಇದನ್ನು ನೀಲಾವತಿ ವರ್ಷವರ್ಷವೂ ಹೇಳಿದ್ದಾಳೆ, ಪರೀಕ್ಷೆಯಲ್ಲಿ ಕೇಳಿದ್ದಾಳೆ, ತಪ್ಪು ಬರೆದವರನ್ನು ಎಬ್ಬಿಸಿ ನಿಲ್ಲಿಸಿದ್ದಾಳೆ.

ಅವಳ ಅಣ್ಣ ಮುಂಡಪ್ಪನಿಗೆ ಬಂಟ್ವಾಳದ ಪೇಟೆಯಲ್ಲಿ ಹೋಟೆಲು. ಹಿಂದೊಮ್ಮೆ ಮಂಗಳೂರಿನಲ್ಲಿದ್ದಾಗ ಅವನಿಗೆ ಮಲೇರಿಯಾ ಹಿಡಿದು, ಮಾತ್ರೆ ನುಂಗಿದ ಮೇಲೆ ಮೂತ್ರ ಚಹಾದ ಕಷಾಯದ ಹಾಗೆ ಆಗಿ, ಕಣ್ಣು ಹಳದಿಯಾಗಿತ್ತು. ಅವನೇ ಮಾತ್ರೆ ಬಿಸಾಡಿ ಬೊಂಡ ಕುಡಿದು ಎದ್ದು ಕೂತ. ಅಂದಿನಿಂದ ಮದುವೆಯಾಗಲಿ, ಸತ್ತವರ ಬೊಜ್ಜವಾಗಲಿ, ಊಟದ ಎಲೆಯ ಮುಂದೆ ಅವನ ಒಂದೇ ಕತೆ: "ನನ್ನ ದೇಹ ಉಷ್ಣ ಮಾರಾಯ, ಇಂಗ್ಲಿಷ್ ಮದ್ದು ಅದಕ್ಕೆ ಆಗುವುದಿಲ್ಲ." ಎಲ್ಲರೂ ನಗುತ್ತಿದ್ದರು. ನೀಲಾವತಿಯೂ ನಗುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ಅವಳು ಸುಖವಾಗಿಯೇ ಇದ್ದಳು. ಕ್ಲಾಸಿನ ಕಾಯಿಲೆ ಕ್ಲಾಸಿನದ್ದು, ಅಣ್ಣನ ಉಷ್ಣ ಮನೆಯದ್ದು.

ಮಗಳು ತೃಷಾ ಬಾಣಂತನಕ್ಕೆ ಬೆಳುವಾಯಿಗೆ ಬಂದಳು. ಅವಳ ಗಂಡ ಬಹರೈನಿನಲ್ಲಿ. ನೀಲಾವತಿಯ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿತು. ಮನ್ವಿತ್ ಎಂದು ಹೆಸರನ್ನು ಮೊದಲೇ ಆರಿಸಿ ಇಟ್ಟಿದ್ದರು.

ಅವರ ಮನೆತನದಲ್ಲಿ ಹುಟ್ಟಿದ ಗಂಡುಮಗುವನ್ನು ಹೊಸ ಬಟ್ಟೆಯಲ್ಲಿ ಸುತ್ತುವುದಿಲ್ಲ. ಹಿರಿಯ ಮಾವ ಉಟ್ಟು ಮೆತ್ತಗಾದ ಪಂಚೆಯಲ್ಲಿ ಸುತ್ತಬೇಕು. ಮಾವನ ಆಯುಸ್ಸು, ಮಾವನ ಗತ್ತು ಮಗುವಿಗೆ ಬರಲಿ ಎಂದು. ಮುಂಡಪ್ಪ ಅದಕ್ಕಾಗಿಯೇ ಒಂದಷ್ಟು ಪಂಚೆಗಳನ್ನು ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದ. ಜಿರಳೆ ಮುಟ್ಟದ ಹಾಗೆ ಅವನ ಹೆಂಡತಿ ಮಡಿಕೆ ಮಡಿಕೆಗೂ ನುಸಿಗುಳಿಗೆ ಹಾಕಿದ್ದಳು. ಮಗು ಮನೆಗೆ ಬಂದ ದಿನ ಅವನು ಕಟ್ಟನ್ನು ತಂದು ತಂಗಿಯ ಕೈಯಲ್ಲಿಟ್ಟ. ಮೂಗಿಗೆ ರಪ್ಪನೆ ಹೊಡೆಯುವ ವಾಸನೆ.

"ನಿನ್ನ ಮನೆಯ ವಾಸನೆ ಅಣ್ಣ," ಎಂದಳು ನೀಲಾವತಿ, ನಗುತ್ತಲೇ. ಒಂದು ಸಲ ಕೊಡವಿ ಮಗುವನ್ನು ಸುತ್ತಿದಳು. ಒಗೆಯಬೇಕಿತ್ತು. ಒಗೆಯಲು ಬಿಸಿಲೂ ಇತ್ತು, ನೀರೂ ಇತ್ತು.

ಮರುದಿನವೇ ಮಗುವಿನ ಮುಖ ಹಳದಿಯಾಯಿತು. ಅದರ ಮಾರನೆಯ ದಿನ ಹಳದಿ ಹೊಟ್ಟೆಗೆ ಇಳಿಯಿತು.

"ಅಮ್ಮ, ಮಗುವಿನ ಬಣ್ಣ ಸರಿ ಕಾಣುವುದಿಲ್ಲ. ಒಮ್ಮೆ ತೋರಿಸಿ ಬರುವ," ಎಂದಳು ತೃಷಾ.

"ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಹಳದಿ ಬರ್ತದೆ ಮಗಾ. ಅದರಷ್ಟಕ್ಕೆ ಇಳಿದುಹೋಗ್ತದೆ. ನಾನು ಅದನ್ನೇ ಅಲ್ವಾ ಕಲಿಸುವುದು? ಬೆಳಗಿನ ಬಿಸಿಲಿಗೆ ಹಿಡಿಯುವ."

"ಮೊಲೆ ಹಿಡಿಯುವುದೂ ಕಡಿಮೆ ಮಾಡಿದ್ದಾನೆ."

"ಬಾಣಂತಿ ಇಷ್ಟೆಲ್ಲ ಹೆದರಬಾರದು."

ತೃಷಾ ಮಗುವನ್ನು ಅಮ್ಮನ ಕೈಗೆ ಕೊಟ್ಟಳು. ಪಕ್ಕದ ಮನೆಯ ಅಜ್ಜಿ ಹೇಳಿದ್ದರೆ ಅವಳು ಒಪ್ಪುತ್ತಿರಲಿಲ್ಲ, ಆಟೋ ಹಿಡಿದು ಹೋಗಿಬಿಡುತ್ತಿದ್ದಳು. ಹೇಳಿದವಳು ಊರಿಗೆಲ್ಲ ನರ್ಸುಗಳನ್ನು ತಯಾರು ಮಾಡಿ ಕೊಟ್ಟ ಅಮ್ಮ. ಆ ಮಾತಿಗೆ ಎದುರು ಮಾತು ಎಲ್ಲಿಂದ ತರುವುದು? ನೀಲಾವತಿ ಮೊಮ್ಮಗನನ್ನು ಪಂಚೆಯೊಳಗೇ ಬೆಚ್ಚಗೆ ಸುತ್ತಿ ಜಗಲಿಯ ಬಿಸಿಲಿನಲ್ಲಿ ಕೂತಳು. ತಾನೇ ಕಲಿಸಿದ ಪಾಠದಲ್ಲಿ ತನಗೆ ಬೇಕಾದ ಅರ್ಧವನ್ನು ಮಾತ್ರ ಅವಳು ನೆನಪಿಟ್ಟಿದ್ದಳು, ಅದೂ ಸಮಾಧಾನ ಹೇಳುವ ಅರ್ಧವನ್ನು.

ಇನ್ನೊಂದು ದಿನ ಹಾಗೆಯೇ ಹೋಯಿತು. ಮಗುವಿನ ಕೈಕಾಲು ಸೋತವು, ಅಳು ಮಾತ್ರ ಕೀರಲಾಗಿ ಮೇಲೇರಿತು. ಆ ಅಳು ಕೇಳಿದ ಮೇಲೆ ನೀಲಾವತಿ ಚಪ್ಪಲಿ ಹಾಕಲೂ ನಿಲ್ಲಲಿಲ್ಲ. ಮೂಡುಬಿದಿರೆಯಲ್ಲಿ ನೋಡಿದವರು ಕೂಡಲೇ ಮಂಗಳೂರಿಗೆ ಕಳಿಸಿದರು. ಅಲ್ಲಿ ಮಗುವಿನ ರಕ್ತವನ್ನೇ ತೆಗೆದು ಬೇರೆ ರಕ್ತ ಕೊಟ್ಟರು. ಮಕ್ಕಳ ಡಾಕ್ಟರು ಇನ್ನೂ ಚಿಕ್ಕ ಪ್ರಾಯದ ಹೆಂಗಸು. ಮಗುವಿನ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಕೇಳಿದಳು:

"ಇದಕ್ಕೆ ನುಸಿಗುಳಿಗೆ ಹಾಕಿದ್ರಾ? ತಾಯಿಯ ಕಡೆಯಲ್ಲಿ ಯಾರಾದರೂ ಗಂಡಸರಿಗೆ ಮಾತ್ರೆ ತಗೊಂಡು ಮೂತ್ರ ಕಪ್ಪಾದದ್ದುಂಟಾ?"

ನೀಲಾವತಿಗೆ ಉತ್ತರ ಗೊತ್ತಿತ್ತು. ಪ್ರಶ್ನೆ ಮುಗಿಯುವ ಮೊದಲೇ ಗೊತ್ತಿತ್ತು. ಅವಳ ತಾಯಿ, ಅಣ್ಣ, ಅವಳು, ಮಗಳು, ಮೊಮ್ಮಗ. ವೃತ್ತ, ಚೌಕ, ವೃತ್ತ, ವೃತ್ತ, ಚೌಕ. ಅವಳು ಗೋಡೆಗೆ ಒರಗಿ ಹೌದು ಎಂದು ತಲೆಯಾಡಿಸಿದಳು. ತಾನು ಯಾವ ಕೆಲಸದಲ್ಲಿದ್ದೇನೆಂದು ಆ ಡಾಕ್ಟರಿಗೆ ಹೇಳುವ ಧೈರ್ಯ ಬರಲಿಲ್ಲ.

ಮಗು ಉಳಿಯಿತು. ಕೆಲವು ತಿಂಗಳ ನಂತರ ಪರೀಕ್ಷೆ ಮಾಡಿದಾಗ ಕಿವಿಯ ನರಕ್ಕೆ ಪೆಟ್ಟಾಗಿದೆ, ಎರಡು ಕಡೆಯೂ ಕೇಳಿಸುವುದಿಲ್ಲ ಎಂದರು. ಅದೇ ವಾರ ಮುಂಡಪ್ಪ ಬಂಟ್ವಾಳದಿಂದ ಬಂದ. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತ. 

"ನೀಲಾ, ಇದು ನನ್ನ ರಕ್ತದ್ದಾ, ನನ್ನ ಪಂಚೆಯದ್ದಾ?"

"ರಕ್ತ ನಮ್ಮ ಅಮ್ಮನದ್ದು ಅಣ್ಣ. ಅದು ನನ್ನಲ್ಲಿಯೂ ಉಂಟು. ಪಂಚೆ ನೀನು ಪ್ರೀತಿಯಲ್ಲಿ ತಂದದ್ದು. ಗೊತ್ತಿದ್ದವಳು ನಾನೊಬ್ಬಳೇ."

ಅವನಿಗೆ ಅದರಿಂದ ಸಮಾಧಾನವಾಗಲಿಲ್ಲ, ಅವಳಿಗೂ ಆಗಲಿಲ್ಲ. ಆಮೇಲೆ ಅವನು ಯಾವ ಊಟದ ಪಂಕ್ತಿಯಲ್ಲೂ ತನ್ನ ಉಷ್ಣದ ಕತೆ ಹೇಳಿದ್ದನ್ನು ಯಾರೂ ಕೇಳಿಲ್ಲ.

ತೃಷಾ ಒಂದು ಸಲ ಬೈದಿದ್ದರೆ ನೀಲಾವತಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಅನ್ನ ಬಡಿಸಿದರೆ ಉಂಡಳು, ಕೇಳಿದ್ದಕ್ಕೆ ಉತ್ತರಿಸಿದಳು, ಮಗುವನ್ನು ಎತ್ತಿಕೊಂಡು ಕಿವುಡು ಮಕ್ಕಳ ಮಾತಿನ ತರಬೇತಿಗೆ ಓಡಾಡಿದಳು. ಆದರೆ ಮಗುವಿಗೆ ಶೀತವಾದರೂ ಸರಿ, ಅಮ್ಮನ ಹತ್ತಿರ ಏನೂ ಕೇಳದೆ ಆಸ್ಪತ್ರೆಗೆ ಹೊರಡುತ್ತಿದ್ದಳು. ಹಾಗೆ ಹೊರಟಾಗಲೆಲ್ಲ ನೀಲಾವತಿ ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿ ಪಾತ್ರೆ ಉಜ್ಜುತ್ತಿದ್ದಳು.

ಮನ್ವಿತನಿಗೆ ಈಗ ಎರಡು ವರ್ಷ ಕಳೆದಿದೆ. ಮಹಾ ತುಂಟ. ಕಿವಿಗೆ ಹಾಕಿದ ಯಂತ್ರ ಅವನಿಗೆ ಅಷ್ಟೇನೂ ಒಗ್ಗಿಲ್ಲ. ಕಿತ್ತು ಅಕ್ಕಿ ಡಬ್ಬಿಯೊಳಗೆ ಹಾಕುವುದು ಅವನಿಗೆ ಆಟ. ಮೊನ್ನೆ ಭಾನುವಾರ ಅವನು ಜಗಲಿಯಲ್ಲಿ ಬೆನ್ನು ಹಾಕಿ ಕೂತು ತೆಂಗಿನ ಗೆರಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ನೀಲಾವತಿ ಅವನ ಹಿಂದೆ ಕೂತು, ಯಾರೂ ಇಲ್ಲವೆಂದುಕೊಂಡು, ಎಷ್ಟೋ ದಿನಗಳಿಂದ ಹೇಳುತ್ತಾ ಬಂದದ್ದನ್ನೇ ಹೇಳಿದಳು.

"ತಪ್ಪಾಯಿತು ಮಗಾ. ಅಜ್ಜಿಯಿಂದ ತಪ್ಪಾಯಿತು."

ಗೆರಟೆ ಜಾರಿತು. ಮಗು ಇನ್ನೊಂದನ್ನು ಎತ್ತಿಕೊಂಡಿತು.

ಬಾಗಿಲಲ್ಲಿ ತೃಷಾ ನಿಂತಿದ್ದಳು. ಯಾವಾಗ ಬಂದಳೋ ನೀಲಾವತಿಗೆ ತಿಳಿಯಲಿಲ್ಲ. ಮಗಳ ಕಣ್ಣು ತುಂಬಿತ್ತು, ಸ್ವರ ಮಾತ್ರ ತರಬೇತಿಯ ಟೀಚರಿನ ಹಾಗೆ ಸಮವಾಗಿತ್ತು.

"ಹಿಂದಿನಿಂದ ಹೇಳಿದರೆ ಅವನಿಗೆ ಗೊತ್ತಾಗುವುದಿಲ್ಲ ಅಮ್ಮ. ಎದುರು ಕೂತು ಹೇಳು. ನಿಧಾನಕ್ಕೆ ಹೇಳು. ಅವನು ತುಟಿ ನೋಡಿ ಕಲಿಯಬೇಕು."

ನೀಲಾವತಿ ಎದ್ದಳು. ಸುತ್ತು ಬಂದು ಮೊಮ್ಮಗನ ಎದುರು ನೆಲದ ಮೇಲೆ ಕೂತಳು. ಹುಡುಗ ಗೆರಟೆ ಕೆಳಗಿಟ್ಟು, ಕಲಿಸಿಕೊಟ್ಟ ಹಾಗೆ, ಅಜ್ಜಿಯ ಬಾಯಿಯನ್ನೇ ನೋಡತೊಡಗಿದ. ಬದುಕಿಡೀ ಪಾಠ ಹೇಳಿದ ಆ ಬಾಯಿ ತೆರೆಯಲು ಬಹಳ ಹೊತ್ತು ಹಿಡಿಯಿತು. ಅವನು ಕಾಯುತ್ತಲೇ ಇದ್ದ.