ಅತ್ತೆಗೆ ಓದದೆ ಬಿಟ್ಟ ಆರನೆಯ ಪುಸ್ತಕ

ನನ್ನ ಫೋನಿನಲ್ಲೊಂದು ಗುಂಪಿದೆ. ಒಂದು ಕಾಲಕ್ಕೆ ಟಿವಿಯಲ್ಲಿ ಬರುತ್ತಿದ್ದ ಇಂಗ್ಲಿಷ್ ಬಾಹ್ಯಾಕಾಶ ಧಾರಾವಾಹಿಯ ಹುಚ್ಚು ಹಿಡಿದವರೆಲ್ಲ ಅದರಲ್ಲಿದ್ದಾರೆ. ಧಾರಾವಾಹಿ ನಿಂತ ಮೇಲೆ ಅದೇ ಆಕಾಶಹಡಗು, ಅದೇ ಜನರನ್ನು ಇಟ್ಟುಕೊಂಡು ಏಳು ಕಾದಂಬರಿಗಳು ಬಂದಿದ್ದವು. ಅವುಗಳಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ಈ ಮಂದಿ ಇವತ್ತಿಗೂ ಜಗಳಾಡುತ್ತಾರೆ. ಮೊನ್ನೆ ಒಬ್ಬರು ಕೇಳಿದರು: ಏಳರಲ್ಲಿ ತೀರಾ ಕಳಪೆ ಯಾವುದು? ಹೆಚ್ಚಿನವರು ಆರನೆಯದು ಎಂದರು. ಕೊನೆಯ ಅಧ್ಯಾಯದಲ್ಲಿ ಏನೂ ನಡೆಯುವುದಿಲ್ಲವಂತೆ, ಸುಮ್ಮನೆ ಕಾಗದ ದಂಡವಂತೆ. ಆಮೇಲೆ, ಮೇಡಂ ಏನಂತಾರೆ ಕೇಳೋಣ ಎಂದು ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಇನ್ನೂ ಉತ್ತರ ಬರೆದಿಲ್ಲ.

ಆ ಗುಂಪಿನಲ್ಲಿ ನನ್ನ ಮಾತಿಗೆ ಬೆಲೆ ಇದೆ. ಕದ್ದ ಬೆಲೆ ಅದು. ಅಲ್ಲಿ ನಾನು ಬರೆದದ್ದೆಲ್ಲ ನನ್ನ ಅತ್ತೆ ಹೇಳಿದ್ದು.

ನನ್ನ ತವರು ಲಕ್ಷ್ಮೇಶ್ವರ. ಮದುವೆಯಾಗಿ ಬೆಟಗೇರಿಗೆ ಬಂದಾಗ ಟ್ರಂಕಿನ ತಳದಲ್ಲಿ ಈ ಏಳು ಪುಸ್ತಕಗಳಿದ್ದವು. ಸೋದರಮಾವ ಹುಬ್ಬಳ್ಳಿಯ ಹಳೇ ಪುಸ್ತಕದ ಅಂಗಡಿಯಿಂದ ಒಂದೊಂದಾಗಿ ತಂದುಕೊಟ್ಟವು. ಅತ್ತೆ ಟ್ರಂಕು ಎತ್ತಿ ನೋಡಿ, "ಏನ್ ಕಲ್ಲು ತುಂಬಿಕೊಂಡು ಬಂದಿಯವ್ವಾ?" ಎಂದಿದ್ದರು. ಅತ್ತೆ ಶಾಲೆಯ ಮುಖ ಕಂಡವರಲ್ಲ. ಹನ್ನೆರಡರ ವಯಸ್ಸಿನಿಂದ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವರು. ಮಧ್ಯಾಹ್ನ ಅವರು ನೇಯುವಾಗ ನಾನು ಪಕ್ಕದಲ್ಲಿ ಕೂತು ಪುಸ್ತಕ ಹಿಡಿಯುತ್ತಿದ್ದೆ. ಒಂದು ದಿನ, "ಒಬ್ಬಾಕಿನ ನಗತಿಯಲ್ಲ, ನನಗೂ ಹೇಳು" ಎಂದರು. ಹೇಳತೊಡಗಿದೆ. ಇಂಗ್ಲಿಷಿನಲ್ಲಿ ಕಣ್ಣು, ಬಾಯಲ್ಲಿ ಕನ್ನಡ. ಕತೆ ಬಿಗಿಯಾದಾಗ ಮಗ್ಗದ ಸದ್ದು ನಿಧಾನವಾಗುತ್ತಿತ್ತು. ತೀರಾ ಬಿಗಿಯಾದರೆ ಲಾಳಿ ಅವರ ಕೈಯಲ್ಲೇ ಉಳಿಯುತ್ತಿತ್ತು.

ಅತ್ತೆಯ ಅಭಿಪ್ರಾಯಗಳು ಖಡಕ್ಕಾಗಿದ್ದವು. ಹಡಗಿನ ಕ್ಯಾಪ್ಟನ್ ಬಗ್ಗೆ, "ಅವಂಗ ಇಸ್ತ್ರಿ ಅಂಗಿ ಒಂದಿದ್ರ ಆತು, ತಲಿಯೊಳಗ ಏನೂ ಇಲ್ಲ" ಎನ್ನುತ್ತಿದ್ದರು. ಹಡಗಿನ ಡಾಕ್ಟರು ಬರೀ ಬಾಯಿಬಡುಕ. ಎಲ್ಲಕ್ಕಿಂತ ದೊಡ್ಡ ದೂರು ಊಟದ್ದು. "ಮುಂಜಾನಿಂದ ಹಾರ್‍ಯಾಡಾಕತ್ತಾರ. ಒಬ್ಬರರೆ ಒಬ್ಬರಿಗೆ ಊಟ ಆತೇನು ಅಂತ ಕೇಳ್ಯಾರೇನು? ಬರದಾಂವಗ ಹಸಿವಿ ಗೊತ್ತಿಲ್ಲ ನೋಡು." ಇದನ್ನೇ ನಾನು ಗುಂಪಿನಲ್ಲಿ ಹಾಕಿದಾಗ ಮೆಚ್ಚಿದವರ ಸಾಲು ಮುಗಿಯಲೇ ಇಲ್ಲ.

ಅತ್ತೆಗೆ ಹಿಡಿಸಿದವನು ಒಬ್ಬನೇ, ಹಡಗಿನ ಎಂಜಿನ್ ನೋಡಿಕೊಳ್ಳುವವನು. ಯಂತ್ರದಾಂವ ಎಂದು ಹೆಸರಿಟ್ಟಿದ್ದರು. ಅವನು ಎಂಜಿನ್ನಿನ ಮೈದಡವಿ ಮಾತಾಡಿಸುತ್ತಿದ್ದ, ಅತ್ತೆಯೂ ಮಗ್ಗದೊಡನೆ ಮಾತಾಡುತ್ತಿದ್ದರು. "ಇಂವ ಒಬ್ಬಾಂವಗ ಕೆಲಸ ಗೊತ್ತೈತಿ" ಎನ್ನುತ್ತಿದ್ದರು. ಒಂದು ಸಲ, "ಅವನ ಹೆಸರು ಎಲ್ಲೈತಿ, ತೋರಸು" ಎಂದರು. ತೋರಿಸಿದೆ. ಬಗ್ಗಿ ಆ ಇಂಗ್ಲಿಷ್ ಅಕ್ಷರಗಳ ಆಕಾರ ನೋಡಿದರು. "ಮೊದಲಿಗೆ ಒಂದು ಕಂಬ, ನಡುವ ಜೋಡಿ ಉಂಗುರ, ಕಡೀಕ ಒಂದು ಬಾಲ. ಆತು ಬಿಡು" ಎಂದು ಲಾಳಿ ಎಸೆದರು. ಯಾರದೋ ಮೈಮೇಲಿನ ಸೀರೆಯ ಅಂಚಿನ ಚಿತ್ತಾರವನ್ನು ಒಮ್ಮೆ ನೋಡಿ ಬಂದು ಹಾಗೇ ಮಗ್ಗದಲ್ಲಿ ನೇಯುತ್ತಿದ್ದ ಹೆಂಗಸು ಅವರು. ನಾನು ಅದನ್ನು ಅಲ್ಲಿಗೇ ಮರೆತೆ.

ಆರನೆಯ ಪುಸ್ತಕ ಓದುತ್ತಿದ್ದಾಗ ನನ್ನ ಅಣ್ಣನಿಗೆ ಮಗಳು ಹುಟ್ಟಿದಳು. ಹೆಸರಿಡುವ ದಿನ ಲಕ್ಷ್ಮೇಶ್ವರಕ್ಕೆ ಹೋಗಬೇಕೆಂದೆ. ಅತ್ತೆ ತಲೆಯೆತ್ತದೆ, "ಈ ಸೀರಿ ಮುಗಿಯೂತನಕ ಬ್ಯಾಡ. ಕಂಡಿಕಿ ಸುತ್ತಾಕ ಯಾರದಾರ?" ಎಂದರು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ, ಅದು ನನ್ನ ಪಾಲಿನ ಕೆಲಸ. ಬಸ್ಸಿನಲ್ಲಿ ಹೋದರೆ ಸಂಜೆಯೊಳಗೆ ತಿರುಗಿ ಬರುವ ಊರು! ನನಗೆ ಮೈಯೆಲ್ಲ ಉರಿಯಿತು. ನನ್ನ ಸಿಟ್ಟೇ ಹಾಗೆ, ಬಾಯಿಗೆ ಬರುವುದಿಲ್ಲ, ಒಳಗೇ ಕುದಿಯುತ್ತದೆ.

ಆ ಮಧ್ಯಾಹ್ನ ಓದಲು ಕೂತೆ. ಮುರಿದುಬಿದ್ದ ಒಂದು ಬಾಹ್ಯಾಕಾಶ ನಿಲ್ದಾಣದಲ್ಲಿ ಯಂತ್ರದವನು ಬಾಗಿಲು ಒತ್ತಿಹಿಡಿದು ಉಳಿದವರನ್ನೆಲ್ಲ ಪಾರು ಮಾಡುತ್ತಾನೆ, ತಾನು ಒಳಗೇ ಉಳಿಯುತ್ತಾನೆ. ಮುಂದೆ ಎರಡು ಅಧ್ಯಾಯಗಳಿದ್ದವು. ಅವನು ಬದುಕಿ ಬರುತ್ತಾನೆಂದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲೇ ಓದಿದ್ದೆನಲ್ಲ. ಆದರೂ ಪುಸ್ತಕ ಮುಚ್ಚಿದೆ. "ಸತ್ತ. ಕತಿ ಮುಗೀತು" ಎಂದೆ.

ಅತ್ತೆ ಲಾಳಿ ಕೆಳಗಿಟ್ಟರು. ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವತನಕ ಯಾರೂ ಮಗ್ಗ ಬಡಿಯುವುದಿಲ್ಲ. ಅತ್ತೆ ಕುಣಿಯಿಂದ ಎದ್ದು ಹೊರಗೆ ಕಟ್ಟೆಯ ಮೇಲೆ ಕೂತರು. ಸೀರೆ ಮುಗಿಯಬೇಕೆಂದು ನನ್ನನ್ನು ತವರಿಗೆ ಕಳಿಸದ ಹೆಂಗಸು ಆ ದಿನ ಮತ್ತೆ ಮಗ್ಗ ಮುಟ್ಟಲಿಲ್ಲ. ನನಗೆ ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು. ಮರುದಿನವೇ ಸುಳ್ಳು ಎಂದು ಹೇಳಬಹುದಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳಲಿ? ನಿಮ್ಮ ಹೊಟ್ಟೆ ಉರಿಸಬೇಕೆಂದು ಹೇಳಿದೆ ಎನ್ನಲೇ? ನಾಚಿಕೆಯಾಯಿತು. ಇವತ್ತು ನಾಳೆ ಎನ್ನುತ್ತ ಮುಂದೆ ಹಾಕಿದೆ.

ಕೆಲವು ತಿಂಗಳಾದ ಮೇಲೆ ಏಳನೆಯದನ್ನು ಅತ್ತೆಯೇ ಕೇಳಿದರು. ಅದರ ತುಂಬ ಯಂತ್ರದವನೇ ಇದ್ದಾನೆ, ಸತ್ತವನನ್ನು ಹೇಗೆ ಓದಲಿ? ಅವನ ಮಾತನ್ನೆಲ್ಲ ಡಾಕ್ಟರ ಬಾಯಿಗೆ ತುರುಕಿದೆ. ಡಾಕ್ಟರು ಎಂಜಿನ್ ಬಿಚ್ಚಿದರು, ಬೋಲ್ಟು ಬಿಗಿದರು, ಕೈಗೆ ಎಣ್ಣೆ ಮಾಡಿಕೊಂಡರು. ಅತ್ತೆ ಬಹಳ ಹೊತ್ತು ಕೇಳಿ, "ಈ ಡಾಕ್ಟರ ಮಾತು ನಮ್ಮ ಯಂತ್ರದಾಂವನಂಗ ಅದಾವಲ್ಲ" ಎಂದರು. ಅವನ ಹತ್ತಿರವೇ ಕಲಿತಿದ್ದರಂತೆ ಎಂದೆ. "ಹೌದೇನು? ಚಲೋ ಆತು" ಎಂದರು. ಅತ್ತೆ ನಗುತ್ತಿದ್ದರೋ ಏನೋ, ನಾನು ಪುಸ್ತಕದಿಂದ ಮುಖ ಎತ್ತಲಿಲ್ಲ. ಅಷ್ಟರಲ್ಲಾಗಲೇ ಆರನೆಯ ಪುಸ್ತಕ ಮನೆಯಲ್ಲಿ ಕಾಣುತ್ತಿರಲಿಲ್ಲ. ರದ್ದಿಯ ಜೊತೆ ಹೋಗಿರಬೇಕೆಂದುಕೊಂಡೆ. ಹುಡುಕಲಿಲ್ಲ. ಹೋದದ್ದೇ ಒಳ್ಳೆಯದಾಯಿತು ಎಂದುಕೊಂಡೆ.

ವರ್ಷಗಳು ಹೋದವು. ಅತ್ತೆಯ ಮೊಣಕಾಲು ಸೋತವು, ಮಗ್ಗ ನಿಂತಿತು. ನಾವಿಬ್ಬರೂ ಅಷ್ಟೊತ್ತಿಗೆ ಅತ್ತೆ ಸೊಸೆ ಎನ್ನುವುದನ್ನೇ ಮರೆತಿದ್ದೆವು. ನನ್ನ ರೊಟ್ಟಿ ದಪ್ಪ ಎಂದು ಅವರು, ಅವರ ಚಹಾ ಪಾನಕ ಎಂದು ನಾನು, ದಿನಾ ಕಾಲೆಳೆಯುತ್ತಿದ್ದೆವು. ಆ ಒಂದು ಸುಳ್ಳನ್ನು ಮಾತ್ರ ನಾನು ಒಪ್ಪಿಕೊಳ್ಳಲಿಲ್ಲ.

ಈ ಚಳಿಗಾಲಕ್ಕೆ ಅತ್ತೆಗೆ ಉಸಿರಿನ ತೊಂದರೆ ಹೆಚ್ಚಾಗಿ ಪಡಸಾಲೆಯಲ್ಲೇ ಹಾಸಿಗೆ ಹಾಕಿದ್ದೆವು. ಹೊತ್ತು ಕಳೆಯಲೆಂದು ಗುಂಪಿನ ಮಾತುಗಳನ್ನು ಓದಿ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಅತ್ತೆ ತಾವಾಗಿಯೇ, "ಆರನೇದಕ್ಕ ಮಂದಿ ಏನಂತಾರ?" ಎಂದು ಕೇಳಿದರು. ಪುಸ್ತಕ ಇಲ್ಲದಿದ್ದರೂ ಫೋನಿನಲ್ಲಿ ಹುಡುಕಿದ್ದರೆ ಸಿಗುತ್ತಿತ್ತು. ಅಲ್ಲೇ ಕೂತು ಎರಡು ಅಧ್ಯಾಯ ಓದಿದ್ದರೆ ಮುಗಿಯುತ್ತಿತ್ತು. "ಯಾರೂ ಏನೂ ಅಂದಿಲ್ರಿ ಅತ್ತಿ" ಎಂದೆ. ಅತ್ತೆ, "ಇರ್ಲಿ ಬಿಡು ಯವ್ವಾ" ಎಂದು ನನ್ನ ಕೈ ಒತ್ತಿದರು. ನಾಲ್ಕನೆಯ ದಿನ ತೀರಿಕೊಂಡರು.

ದಿನಕರ್ಮಗಳೆಲ್ಲ ಮುಗಿದ ಮೇಲೆ, ಅತ್ತೆಯ ಸೀರೆಗಳನ್ನು ನಾದಿನಿಯರಿಗೆ ಹಂಚಲು ಅವರ ಪೆಟ್ಟಿಗೆ ತೆಗೆದೆ. ತಳದಲ್ಲಿ ಒಂದು ರವಿಕೆಯ ಖಣದ ತುಂಡು, ಅದರಲ್ಲಿ ಸುತ್ತಿದ ಆರನೆಯ ಪುಸ್ತಕ. ನಾನು ಅಂದು ನಿಲ್ಲಿಸಿದ್ದ ಪುಟದಲ್ಲಿ ಒಂದೆಳೆ ಕೆಂಪು ನೂಲು ಇತ್ತು. ಅದರ ಮುಂದಿನ ಪುಟ ತಿರುಗಿಸಿದೆ. ಒಂದು ಹೆಸರಿನ ಮೇಲೆ ಕುಂಕುಮದ ಚುಕ್ಕೆ. ಮೊದಲಿಗೆ ಕಂಬ, ನಡುವೆ ಜೋಡಿ ಉಂಗುರ, ಕೊನೆಗೆ ಬಾಲ. ಕೆಳಗೆ ಮತ್ತೊಂದು. ಪುಟಪುಟದಲ್ಲೂ, ಎಣ್ಣೆಯಲ್ಲಿ ಕಲಸಿದ ಕುಂಕುಮ, ಎಣ್ಣೆ ಹಿಂದಿನ ಪುಟಕ್ಕೂ ಇಳಿದಿತ್ತು. ಎರಡು ಕಡೆ ಮಾತ್ರ ಬೇರೆ ಪದದ ಮೇಲೆ ಬಿದ್ದಿತ್ತು. ಉಳಿದದ್ದು ಒಂದೂ ತಪ್ಪಿರಲಿಲ್ಲ.

ಅತ್ತೆಗೆ ಗೊತ್ತಿತ್ತು. ಸತ್ತವನ ಹೆಸರು ಕೊನೆಯ ಪುಟದತನಕ ಹೀಗೆ ಓಡಾಡುವುದಿಲ್ಲವೆಂದು ಆ ನೇಕಾರ್ತಿಗೆ ಗೊತ್ತಾಗಿತ್ತು. ಅವನು ಬದುಕಿದ್ದಾನೆಂದು ತಿಳಿಯಿತು, ಹೇಗೆ ಬದುಕಿದ, ಯಾರು ಬಾಗಿಲು ತೆಗೆದರು, ಏನು ಮಾತಾಡಿದ, ಒಂದೂ ತಿಳಿಯಲಿಲ್ಲ. ನಾನಾಗಿಯೇ ಹೇಳಲಿ ಎಂದು ಕಾದರು. ಒಂದು ಸಲವೂ ನನ್ನನ್ನು ಸುಳ್ಳುಗಾತಿ ಎನ್ನಲಿಲ್ಲ. ಎಂದಿದ್ದರೆ ಚೆನ್ನಾಗಿತ್ತು! ಕೆನ್ನೆಗೆ ಎರಡು ಬಾರಿಸಿದ್ದರೂ ಚೆನ್ನಾಗಿತ್ತು. ಪೆಟ್ಟಿಗೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಆಮೇಲೆ ಪುಸ್ತಕ ಹಿಡಿದು, ಮಣ್ಣು ತುಂಬಿಸಿ ಮುಚ್ಚಿದ ಮಗ್ಗದ ಕುಣಿಯ ಪಕ್ಕ, ನನ್ನ ಹಳೆಯ ಜಾಗದಲ್ಲಿ ಕೂತೆ. ಆ ಎರಡು ಅಧ್ಯಾಯಗಳನ್ನು ಗಟ್ಟಿಯಾಗಿ ಕನ್ನಡದಲ್ಲಿ ಓದಿದೆ. ಗುಂಪಿನವರು ಹೇಳುವುದು ಖರೆ, ಕೊನೆಯಲ್ಲಿ ಏನೂ ನಡೆಯುವುದಿಲ್ಲ. ಯಂತ್ರದವನು ಹಡಗಿಗೆ ತಿರುಗಿ ಬರುತ್ತಾನೆ. ಎಲ್ಲರೂ ಸುತ್ತ ನಿಂತು ಅವನನ್ನೇ ನೋಡುತ್ತಾರೆ. ಕೊನೆಯ ಸಾಲುಗಳನ್ನು ಚಿಕ್ಕಂದಿನಲ್ಲಿ ಓದಿದ್ದು ನನಗೆ ನೆನಪೇ ಇರಲಿಲ್ಲ. ಕ್ಯಾಪ್ಟನ್ ಅವನಿಗೆ ಕೇಳುವುದು ಒಂದೇ ಮಾತು, ಊಟ ಆಯಿತೇ ಎಂದು. ಇಲ್ಲ ಎನ್ನುತ್ತಾನೆ. ಎಲ್ಲರೂ ಅವನ ಜೊತೆ ಉಣ್ಣಲು ಕೂರುತ್ತಾರೆ. ಕತೆ ಅಲ್ಲಿಗೆ ಮುಗಿಯುತ್ತದೆ, ಅಲ್ಲಿಯೂ ಅವನ ಹೆಸರಿನ ಮೇಲೆ ಅತ್ತೆ ಒಂದು ಚುಕ್ಕೆ ಇಟ್ಟಿದ್ದಾರೆ.